ನಕಲು ಹಿಡಿಯೋದು ಬಿಟ್ಟೆ, ಕೂತು ಕೇಳೋಕೆ ಶುರು ಮಾಡಿದೆ

ಎಂ.ಎ. ಪ್ರಬಂಧದಲ್ಲಿ ನಕಲು ನಿಲ್ಲಿಸೋಕೆ ಆಗಲ್ಲ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೈಚೆಲ್ಲಿದ್ದರು. ನಿಲ್ಲುತ್ತದೆ. ಕಳೆದ ಒಂದೆರಡು ಬ್ಯಾಚಿನಲ್ಲಿ ನನ್ನ ಹತ್ತಿರ ಬರೆದವರು ಯಾರೂ ಕದ್ದಿಲ್ಲ, ಎದೆ ತಟ್ಟಿ ಹೇಳುತ್ತೇನೆ.

ಮುಂಬಯಿಯಲ್ಲಿ ನನ್ನ ಹತ್ತಿರ ಕನ್ನಡ ಎಂ.ಎ.ಗೆ ಬರುವವರು ಹೆಚ್ಚಾಗಿ ದುಡಿಯುವವರು. ಬ್ಯಾಂಕು, ಹೋಟೆಲು ಮುಗಿಸಿ ಲೋಕಲ್‌ನಲ್ಲಿ ನೇತಾಡಿಕೊಂಡು ಡೊಂಬಿವಲಿ ಸೇರಿದವರಿಗೆ ರಾತ್ರಿ ಹತ್ತಕ್ಕೆ ಬರೆಯುವ ಹುಮ್ಮಸ್ಸು ಎಲ್ಲಿಂದ ಬರಬೇಕು? ಎಂಟು ಹತ್ತು ಸಾವಿರ ಕೊಟ್ಟರೆ ಇಡೀ ಪ್ರಬಂಧವನ್ನೇ ಬೈಂಡಿಂಗ್ ಸಮೇತ ಮಾಡಿಕೊಡುವವರಿದ್ದಾರೆ.

ಮೊದಲು ಹೆದರಿಸಿ ನೋಡಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಕಲು ತಡೆ ನಿಯಮ ಓದಿ ಹೇಳಿದೆ: ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ಶಿಕ್ಷೆ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಅವರ ಕಿವಿಗೆ ಬಿದ್ದಿದ್ದು 10 ಮಾತ್ರ. ಸಾಲಾಗಿ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆ ಲೆಕ್ಕಕ್ಕಿಲ್ಲ ಅಂತಲೂ ಅದರಲ್ಲಿದೆ. ಅದನ್ನೇ ಹಿಡಿದುಕೊಂಡು ಹನ್ನೆರಡು ಪದಕ್ಕೊಮ್ಮೆ ‘ಆದ್ದರಿಂದ’ ಇದ್ದಲ್ಲಿ ‘ಹೀಗಾಗಿ’ ಹಾಕಿದ ಅಧ್ಯಾಯ ನನ್ನ ಮೇಜಿಗೆ ಬಂತು. ಹುಡುಗ ಹೊರಗಡೆ ಸುಮಾರು ಐನೂರರಂತೆ ಕೊಟ್ಟು, ಮತ್ತೆ ಮತ್ತೆ ಹೋಲಿಕೆ ತೋರಿಸುವ ಸಾಫ್ಟ್‌ವೇರ್ ರಿಪೋರ್ಟ್ ತೆಗೆಸಿ, ಶೇ. 9ಕ್ಕೆ ಇಳಿಸಿ ತಂದಿದ್ದ. ಅಷ್ಟು ಕಷ್ಟದಲ್ಲಿ ಸ್ವಂತ ಅಧ್ಯಾಯವೇ ಆಗುತ್ತಿತ್ತು, ಅಲ್ವಾ? ಆಮೇಲೆ ಕೈಯಿಂದ ಎರಡು ಸಾವಿರ ಹಾಕಿ ಬಹುಮಾನ ಇಟ್ಟೆ. ಮೊದಲೇ ಚೆನ್ನಾಗಿ ಬರೆಯುತ್ತಿದ್ದವರು ತಗೊಂಡು ಹೋದರು. ಉಳಿದವರು ತಿರುಗಿಯೂ ನೋಡಲಿಲ್ಲ.

ಕೊನೆಗೆ ವಿಷಯವನ್ನೇ ಬದಲಾಯಿಸಿದೆ. ಕದಿಯೋಕೆ ಎಲ್ಲೂ ಸಿಗದ ವಿಷಯ ಬೇಕು, ಮನೆಗೋ ಕೆಲಸಕ್ಕೋ ಹತ್ತಿರದ್ದು ಬೇಕು. ಒಬ್ಬರಿಗೆ ಮಾಟುಂಗದ ಮೈಸೂರು ಅಸೋಸಿಯೇಷನ್ (1926ರದು), ಇನ್ನೊಬ್ಬಳಿಗೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಶನಿವಾರ ಬರಬೇಕು, ಕಾಗದ ನೋಡದೆ ಹತ್ತು ನಿಮಿಷ ಹೇಳಬೇಕು, ಅಲ್ಲೇ ಕೂತು ಕೈಯಲ್ಲಿ ಒಂದು ಪುಟ ಬರೆಯಬೇಕು. ಪ್ರಬಂಧಕ್ಕೆ ಹೋಗುವುದು ಆ ಪುಟಗಳೇ. ನಾನು ಕೇಳುವುದು ಮೂರು ಪ್ರಶ್ನೆ. ಯಾರು ಹೇಳಿದರು, ಎಲ್ಲಿ ಕೂತು ಹೇಳಿದರು, ಇವೆರಡು. ಮೂರನೆಯದನ್ನು ಹೇಳಲ್ಲ, ಉತ್ತರ ತಯಾರು ಮಾಡಿಕೊಂಡು ಬಂದರೆ ಅದು ಕೆಲಸಕ್ಕೆ ಬಾರದು.

ರಾತ್ರಿ ಶಾಲೆಯ ಹುಡುಗಿ ಮೊದಲ ತಿಂಗಳು ಬರಿಗೈ. ಆಮೇಲೆ ಒಬ್ಬ ಅಜ್ಜ ಸಿಕ್ಕಿದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಓದಿದವರು. ಪ್ಲಾಸ್ಟಿಕ್ ಕವರಿನಿಂದ ಹಳೆ ಅಂಕಪಟ್ಟಿ ತೆಗೆದರಂತೆ, ಅದರ ಹಿಂದೆ ಪೆನ್ಸಿಲಿನಲ್ಲಿ ಇಡ್ಲಿ, ಚಹಾದ ಉದ್ರಿ ಲೆಕ್ಕ. ಅವತ್ತು ಒಂದು ಪುಟ ಅಂದರೆ ನಾಲ್ಕು ಬರೆದಳು, ಬಾಗಿಲು ಹಾಕೋಕೆ ಬಂದ ಪ್ಯೂನ್ ಕಾಯುತ್ತಾ ನಿಂತಿದ್ದ.

ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಅದೇ ಶಾಲೆಯ ಬಗ್ಗೆ ಚಾಟ್‌ಜಿಪಿಟಿಯಿಂದ ಒಂದು ಪುಟ ಬರೆಸಿ ಅವಳಿಗೇ ತಿದ್ದೋಕೆ ಕೊಟ್ಟೆ. ಒಂದು ಹೆಸರಿಲ್ಲ, ಒಂದು ಬೀದಿಯಿಲ್ಲ ಅಂತ ಪುಟದ ತುಂಬಾ ಕೆಂಪು ಗೆರೆ ಎಳೆದು ತಂದಳು. ಈಗ ಎಲ್ಲ ಬ್ಯಾಚಿಗೂ ಇದನ್ನು ಮಾಡಿಸುತ್ತೇನೆ. ಒಬ್ಬರದನ್ನು ಇನ್ನೊಬ್ಬರು ತಿದ್ದೋದು ಮಾತ್ರ ನಡೆಯಲಿಲ್ಲ, ಬರೀ ಹೊಗಳಿಕೊಂಡರು.

ಖರ್ಚು? ಲಾಂಗ್ ಬುಕ್ಕು, ಚಹಾ, ಝೆರಾಕ್ಸ್ ಎಲ್ಲ ಸೇರಿ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಶನಿವಾರ ಮಾತ್ರ ಪೂರ್ತಿ ಹೋಗುತ್ತದೆ, ಎಂಟು ಜನಕ್ಕಿಂತ ಜಾಸ್ತಿ ತಗೊಂಡರೆ ಆಗಲ್ಲ. ಆಗಲ್ಲ ಅಂದಿದ್ದ ಸಹೋದ್ಯೋಗಿಯೊಬ್ಬರು ಈ ಸಲ ಭಾನುವಾರ ಶುರು ಮಾಡಿದ್ದಾರೆ.