ಸಾಂಕ್ರಾಮಿಕದ ಕಾಲದ ಡ್ಯೂಟಿ: ಠಾಣೆ ಸಿಬ್ಬಂದಿಯ ಒತ್ತಡ ಇಳಿಸುವ ಬಗೆ

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಠಾಣೆಗಳ ಮೇಲೆ ಬಿದ್ದದ್ದು ಬರೀ ಹೆಚ್ಚುವರಿ ಬಂದೋಬಸ್ತ್ ಅಲ್ಲ. ಗಣೇಶ ಹಬ್ಬದ್ದೋ ಚುನಾವಣೆಯದ್ದೋ ಆದರೆ ಮುಗಿಯುವ ದಿನ ಗೊತ್ತಿರುತ್ತದೆ. ಇದಕ್ಕೆ ಅದೂ ಇರಲಿಲ್ಲ. ಜೊತೆಗೆ, ರೋಗ ತನ್ನಿಂದಲೇ ಮನೆಯವರಿಗೆ ಅಂಟೀತೆಂಬ ಹೆದರಿಕೆ. ಇಂಥ ಹೊತ್ತಿನಲ್ಲಿ ಇನ್ಸ್‌ಪೆಕ್ಟರ್, ಪಿಎಸ್‌ಐ ಮತ್ತು ಠಾಣಾ ಬರಹಗಾರರು ಮೊದಲು ಸರಿಪಡಿಸಬೇಕಾದ್ದು ಡ್ಯೂಟಿ ಪಟ್ಟಿ. ವಾರಗಟ್ಟಲೆ ನಿದ್ದೆಗೆಟ್ಟವರನ್ನು ಆಪ್ತಸಮಾಲೋಚನೆಗೆ ಕಳಿಸಿದರೆ ಅಲ್ಲೇ ತೂಕಡಿಸುತ್ತಾರೆ.

ಸಿಬ್ಬಂದಿಯನ್ನು ಒಬ್ಬರಿಗೊಬ್ಬರು ಬೆರೆಯದ ತಂಡಗಳಾಗಿ ಒಡೆಯಿರಿ. ಒಬ್ಬರಿಗೆ ಸೋಂಕು ತಗುಲಿದರೆ ಒಂದು ತಂಡವಷ್ಟೇ ಕ್ವಾರಂಟೈನ್‌ಗೆ ಹೋಗುತ್ತದೆ, ಉಳಿದವರ ಮೇಲೆ ಇಡೀ ಠಾಣೆಯ ಹೊರೆ ಬೀಳದು. ಪಾಳಿ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ತಿರುಗಲಿ. ಹಿಂದುಮುಂದಾದರೆ ದೇಹ ಒಗ್ಗಿಕೊಳ್ಳುವುದು ಕಷ್ಟ. ಎರಡು ಪಾಳಿಗಳ ನಡುವೆ 11 ಗಂಟೆ ಬಿಡುವಿರಲಿ. ವಾರದ ರಜೆಯ ದಿನಾಂಕವನ್ನು ಮೊದಲೇ ಬರೆದುಬಿಡಿ. ರದ್ದು ಮಾಡಲೇಬೇಕಾದರೆ ಬದಲಿ ದಿನಾಂಕವನ್ನೂ ಆಗಲೇ ಬರೆಯಿರಿ. ಎಲ್ಲ ಕೆಡುವುದು ಇಲ್ಲೇ: ‘ಪರಿಸ್ಥಿತಿ ನೋಡಿ ಕೊಡೋಣ’ ಎಂದ ರಜೆ ಸಿಗುವುದಿಲ್ಲವೆಂದು ಪ್ರತಿ ಪೇದೆಗೂ ಗೊತ್ತು.

ವಯಸ್ಸಾದವರು, ಶುಗರ್, ಬಿಪಿ ಇರುವವರು ಚೆಕ್‌ಪೋಸ್ಟ್‌ಗೆ ಬೇಡ. 55 ದಾಟಿದವರಿಗೆ ಮನೆಯಲ್ಲೇ ಇರಲು ಮುಂಬೈ ಪೊಲೀಸ್ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಆದರೆ ಅನುಭವಸ್ಥ ಎಎಸ್‌ಐ ಸುಮ್ಮನೆ ಕೂತರೆ ತಾನು ಬೇಡವಾದೆ ಎಂದುಕೊಳ್ಳುತ್ತಾರೆ. ಕ್ವಾರಂಟೈನ್‌ನಲ್ಲಿರುವ ಸಿಬ್ಬಂದಿಯ ಮನೆಗಳಿಗೆ ದಿನಾ ಫೋನ್ ಮಾಡಿ ರೇಷನ್, ಔಷಧಿ ವಿಚಾರಿಸುವ ಕೆಲಸ ಅವರಿಗೆ ಕೊಡಿ.

ಚೆಕ್‌ಪೋಸ್ಟ್‌ನಲ್ಲಿ ನೆರಳು, ಕುರ್ಚಿ, ಕುಡಿಯುವ ನೀರು ಇರಬೇಕು. ಶೌಚಾಲಯವನ್ನು ಹತ್ತಿರದ ಪೆಟ್ರೋಲ್ ಬಂಕಿನವರ ಜೊತೆ ಮೊದಲೇ ಮಾತಾಡಿ ಗೊತ್ತುಮಾಡಿ. ಅದಿಲ್ಲದಿದ್ದರೆ ಮಹಿಳಾ ಸಿಬ್ಬಂದಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲಲ್ಲಿ ತಲೆನೋವು, ಆಮೇಲೆ ಉರಿಮೂತ್ರ.

ಮನೆಗೆ ಹೊರಡುವ ಮುಂಚೆ ಠಾಣೆಯಲ್ಲೇ ಸೋಪಿನಿಂದ ಕೈ-ಮುಖ ತೊಳೆದು, ಬಟ್ಟೆ ಬದಲಿಸಿ, ಯೂನಿಫಾರಂ ಅನ್ನು ಬೇರೆ ಚೀಲದಲ್ಲಿ ಹಾಕಲು 15 ನಿಮಿಷ ಡ್ಯೂಟಿ ಸಮಯದಲ್ಲೇ ಕೊಡಿ. ಸೋಂಕಿನ ಅಪಾಯ ಇಳಿಯುತ್ತದೆ. ಮಗುವನ್ನು ಎತ್ತಿಕೊಳ್ಳಲೂ ಅಂಜುವವರಿಗೆ ಒಂದಿಷ್ಟು ಧೈರ್ಯ ಬರುತ್ತದೆ.

ರೋಲ್ ಕಾಲ್‌ನಲ್ಲಿ ‘ಟೆನ್ಷನ್ ಇದೆಯಾ?’ ಎಂದು ಕೇಳಿದರೆ ‘ಏನಿಲ್ಲ ಸರ್’ ಎಂಬುದೇ ಉತ್ತರ. ‘ನಿನ್ನೆ ಎಷ್ಟು ಗಂಟೆ ನಿದ್ದೆ ಆಯ್ತು? ಊಟ ಎಷ್ಟೊತ್ತಿಗೆ ಮಾಡಿದ್ರಿ?’ ಎಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ. ನಿಜ ಆಗ ಹೊರಬರುತ್ತದೆ.

ಸಹೋದ್ಯೋಗಿ ತೀರಿಕೊಂಡಾಗ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಹೇಳಿಸಬೇಡಿ. ಹಾಗೆ ಒತ್ತಾಯದಿಂದ ನೆನಪು ಕೆದಕುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಯಾರು ಕುಗ್ಗಿದ್ದಾರೆಂದು ಗಮನಿಸಿ, ಹೇಳಿದಷ್ಟು ಕೇಳಿ, ಬೇಕಾದ ನೆರವಿಗೆ ಜೋಡಿಸಿ.

ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ, ಕುಡಿತ ಹೆಚ್ಚಾದರೆ, ಸಣ್ಣದಕ್ಕೂ ಲಾಠಿ ಎತ್ತುವಂತಾದರೆ ವೈದ್ಯರಿಗೆ ತೋರಿಸಿ. ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಕಾಯಬೇಡಿ. ಆ ದಿನವೇ ಶಸ್ತ್ರವಿಲ್ಲದ ಡ್ಯೂಟಿಗೆ ಹಾಕಿ, ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶಸ್ತ್ರವನ್ನು ಎಲ್ಲರೆದುರು ಕಸಿದುಕೊಂಡರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಕಾಯಿಲೆಯ ವಿವರ ಡ್ಯೂಟಿ ಪಟ್ಟಿಯಲ್ಲಿ ಕಾಣಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದರ ಗೋಪ್ಯತೆಯನ್ನು ಹಕ್ಕಾಗಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು.

ಮದ್ಯದಂಗಡಿ ಮುಚ್ಚಿದ ದಿನಗಳಲ್ಲಿ ಇನ್ನೊಂದು ಎಚ್ಚರ. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ ಕೈನಡುಕ, ಬೆವರು, ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಂಡಂತಾಗಿ ಬಡಬಡಿಸಬಹುದು. ಲಾಕಪ್‌ನಲ್ಲಿರುವವರಾಗಲಿ, ಸಿಬ್ಬಂದಿಯೇ ಆಗಲಿ, ಇದು ಪ್ರಾಣಕ್ಕೆ ಕುತ್ತು. ಗದರಿಸುತ್ತ ಕೂರದೆ 108ಕ್ಕೆ ಕರೆ ಮಾಡಿ.