ಆಫರ್ ಪಡೆದವರು ಕೆಲಸಕ್ಕೆ ಸೇರುವಂತೆ ನೋಡಿಕೊಳ್ಳುವುದು ಹೇಗೆ?

ಸೋಮವಾರ ಬೆಳಿಗ್ಗೆ ಒಂಬತ್ತೂವರೆ ಗಂಟೆ. ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್, ಅದರ ಪಕ್ಕದಲ್ಲಿ ಹೆಸರು ಅಚ್ಚಾದ ಗುರುತಿನ ಚೀಟಿ ಸಿದ್ಧವಾಗಿವೆ. ಅದನ್ನು ಕೊರಳಿಗೆ ಹಾಕಿಕೊಳ್ಳಬೇಕಾದವರ ಫೋನ್ ಮಾತ್ರ ಸ್ವಿಚ್ ಆಫ್ ಆಗಿದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೇಮಕಾತಿಯ ಕೆಲಸ ಮಾಡಿದವರಿಗೆ ಈ ದೃಶ್ಯ ಹೊಸದಲ್ಲ. ನಾನು ಕಂಡಂತೆ, ಎಡವಟ್ಟು ಬಹುಪಾಲು ಆಫರ್ ಪತ್ರ ಕಳಿಸಿದ ಮರುದಿನವೇ ಶುರುವಾಗಿರುತ್ತದೆ.

ಮೊದಲ ಹಂತ, ಮೊದಲ ಫೋನ್ ಕರೆ. ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಈಗಿನ ಕಂಪನಿಯಲ್ಲಿ ಕೆಲಸ ಮಾಡಬೇಕಾದ ಅವಧಿ) ಎಷ್ಟು ದಿನ, ಹಣ ಕಟ್ಟಿ ಬೇಗ ಬಿಡುಗಡೆ ಪಡೆಯಲು ಅವಕಾಶವಿದೆಯೇ, ಕೈಯಲ್ಲಿ ಬೇರೆ ಆಫರ್ ಇದೆಯೇ, ಯಲಹಂಕದ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಬರಲು ಒಪ್ಪಿಗೆಯೇ ಎಂಬುದನ್ನು ಅಂದೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಎರಡನೆಯದು ಸಂದರ್ಶನ. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ ಅಲ್ಲಿಯೇ ಅಂಕ ಕೊಡಬೇಕು. ಮನಸ್ಸಿಗೆ ತೋಚಿದಂತೆ ಪ್ರಶ್ನೆ ಕೇಳುವುದಕ್ಕಿಂತ ಈ ಕ್ರಮ ಹೆಚ್ಚು ನಂಬಲರ್ಹವೆಂದು 85 ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಪರಿಶೀಲಿಸಿದ ಮನಶ್ಶಾಸ್ತ್ರಜ್ಞರಾದ ಷ್ಮಿಟ್ ಮತ್ತು ಹಂಟರ್ 1998ರಲ್ಲಿಯೇ ತೋರಿಸಿದ್ದಾರೆ.

ಮೂರನೆಯದಾಗಿ, ಆಫರ್ ಪತ್ರವನ್ನು ಇ-ಮೇಲ್ ಮಾಡುವ ಮುನ್ನ ಸಂಬಳದ ಲೆಕ್ಕವನ್ನು ಬಾಯಿಬಿಟ್ಟು ಹೇಳಬೇಕು. ಸಿಟಿಸಿ (ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಎಂಬ ದೊಡ್ಡ ಮೊತ್ತದೊಳಗೆ ಮಾಲೀಕರ ಪಾಲಿನ ಪಿಎಫ್, ಮೂಲ ವೇತನದ ಶೇ 4.81ರಷ್ಟು ಗ್ರಾಚ್ಯುಟಿ, ಸಿಗಬಹುದಾದ ಅಥವಾ ಸಿಗದಿರಬಹುದಾದ ಬೋನಸ್ ಎಲ್ಲವೂ ಸೇರಿರುತ್ತವೆ. ತಿಂಗಳಿಗೆ ಕೈಗೆ ಬರುವುದೆಷ್ಟು ಎಂಬುದನ್ನು ಅಭ್ಯರ್ಥಿ ಸ್ನೇಹಿತನಿಂದ ತಿಳಿದುಕೊಳ್ಳುವಂತಾದರೆ ನಿಮ್ಮ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯಿತು.

ನಾಲ್ಕನೆಯ ಹಂತವೇ ಕಷ್ಟದ್ದು: ನೋಟಿಸ್ ಪೀರಿಯಡ್‌ನ 60 ಅಥವಾ 90 ದಿನಗಳು. ಉದ್ಯೋಗ ತಾಣಗಳಲ್ಲಿ ‘ನೋಟಿಸ್ ಅವಧಿಯಲ್ಲಿದ್ದಾರೆ’ ಎಂದು ತೋರುವ ಅಭ್ಯರ್ಥಿಗೇ ಬೇಡಿಕೆ ಹೆಚ್ಚು, ಏಕೆಂದರೆ ಅವರು ಬೇಗ ಸೇರಬಲ್ಲರು. ಅಂದರೆ ನಿಮ್ಮ ಆಫರ್ ನಂಬಿ ರಾಜೀನಾಮೆ ಕೊಟ್ಟ ಮೇಲೆಯೇ ಅವರಿಗೆ ಇತರ ಕಂಪನಿಗಳ ಕರೆಗಳು ಮುಗಿಬೀಳುತ್ತವೆ, ಕೊನೆಯ ಹದಿನೈದು ದಿನಗಳಲ್ಲಂತೂ ಇನ್ನೂ ಹೆಚ್ಚು. ಆದ್ದರಿಂದ ರಾಜೀನಾಮೆಗೆ ಮುಂಚೆಯೇ, ‘ನಾಳೆ ನಿಮ್ಮ ಮ್ಯಾನೇಜರ್ ಸಂಬಳ ಹೆಚ್ಚಿಸುತ್ತೇನೆಂದರೆ ಏನು ಮಾಡುತ್ತೀರಿ?’ ಎಂದು ನೇರವಾಗಿ ಕೇಳಿಬಿಡಬೇಕು. ಹಿನ್ನೆಲೆ ಪರಿಶೀಲನೆಯಲ್ಲಿ ಈಗಿನ ಕಂಪನಿಯನ್ನು ಬಿಟ್ಟು ಉಳಿದುದನ್ನೆಲ್ಲ ಅಭ್ಯರ್ಥಿಯ ಒಪ್ಪಿಗೆ ಪಡೆದು ಆಗಲೇ ಮುಗಿಸಬೇಕು; ಇದ್ದ ಕೆಲಸ ಬಿಡಿಸಿದ ನಂತರ ತಕರಾರು ತೆಗೆಯುವುದು ಅನ್ಯಾಯ. ರಾಜೀನಾಮೆ ಅಂಗೀಕಾರವಾದ ಪತ್ರ ಬಂದ ಬಳಿಕ ಎರಡು ವಾರಕ್ಕೊಮ್ಮೆ ಮಾತನಾಡಿ, ಅದರಲ್ಲಿ ಒಂದು ಕರೆಯನ್ನಾದರೂ ಮುಂದಿನ ಮ್ಯಾನೇಜರ್ ಕೈಯಲ್ಲೇ ಮಾಡಿಸಿ. ಪ್ರತಿ ಬಾರಿಯೂ ‘ಯಾವಾಗ ಸೇರುತ್ತೀರಿ?’ ಎಂದೇ ಕೇಳಿದರೆ ಸಾಲ ವಸೂಲಿಗೆ ಬಂದವರಂತೆ ಕಾಣುತ್ತೀರಿ. ಯಾವ ತಂಡ, ಮೊದಲ ತಿಂಗಳು ಏನು ಕೆಲಸ ಎಂಬುದನ್ನು ಹೇಳಿ. ಕೇಳಿದ ದಾಖಲೆ ನಾಲ್ಕು ದಿನ ತಡವಾದರೆ, ಅಥವಾ ‘ಮನೆಯಲ್ಲಿ ಮಾತಾಡಿ ಹೇಳ್ತೀನಿ ಸರ್’ ಎಂಬ ಮಾತು ಬಂದರೆ, ಅಂದೇ ಭೇಟಿಯಾಗಿ ಕಾಫಿ ಕುಡಿಯುವುದು ಉತ್ತಮ.

ಈ ಕೆಲಸವನ್ನು ತಂತ್ರಾಂಶಕ್ಕೆ ವಹಿಸಿ ಕುಳಿತವರನ್ನೂ ಕಂಡಿದ್ದೇನೆ. ‘ನಮ್ಮ ಕುಟುಂಬಕ್ಕೆ ಸ್ವಾಗತ’ ಎಂದು ತನ್ನಷ್ಟಕ್ಕೇ ಹೋಗುವ ವಾಟ್ಸ್‌ಆ್ಯಪ್ ಸಂದೇಶವನ್ನು ಯಾರೂ ಎರಡನೆಯ ಬಾರಿ ಓದುವುದಿಲ್ಲ. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ, ಬರುವುದಿಲ್ಲವೆಂದು ತಿಳಿಸಿದವರಿಗೂ ಅದು ತಿಂಗಳುಗಟ್ಟಲೆ ಹೋಗುತ್ತಿತ್ತು. ಇನ್ನು, ಸೇರಿಯೇ ಸೇರಲಿ ಎಂದು ಮೂಲ ಅಂಕಪಟ್ಟಿಗಳನ್ನು ತರಿಸಿ ಇಟ್ಟುಕೊಳ್ಳುವ ಅಡ್ಡದಾರಿಯನ್ನು ಯಾರೂ ಹಿಡಿಯಕೂಡದು.

ಐದನೆಯದಾಗಿ, ಇಷ್ಟೆಲ್ಲ ಮಾಡಿದರೂ ಆಯ್ಕೆಯಾದವರು ಬಾರದೆ ಹೋಗಬಹುದು; ಆದ್ದರಿಂದ ಆಯ್ಕೆಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಅಭ್ಯರ್ಥಿಗೆ ವಿಷಯವನ್ನು ಇದ್ದಂತೆಯೇ ಪ್ರಾಮಾಣಿಕವಾಗಿ ತಿಳಿಸಿ, ಸಂಪರ್ಕ ಉಳಿಸಿಕೊಳ್ಳಿ.

ಕೊನೆಯದು ಲೆಕ್ಕ ಇಡುವುದು. ರಿಕ್ರೂಟರ್ ತಿಂಗಳಿಗೆ ಎಷ್ಟು ಆಫರ್ ಕೊಡಿಸಿದರು ಎಂಬ ಅಂಕಿಯನ್ನು ವರದಿಯಿಂದ ತೆಗೆದುಹಾಕಿ, ಎಷ್ಟು ಮಂದಿ ಸೇರಿದರು, ಆರು ತಿಂಗಳ ನಂತರ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಎರಡನ್ನಷ್ಟೇ ಬರೆಯಿರಿ. ಸೇರದೆ ಹೋದವರಿಗೆ ಒಂದು ತಿಂಗಳು ಬಿಟ್ಟು ಕರೆ ಮಾಡಿ ಕಾರಣ ಕೇಳಿ. ಆ ಹೊತ್ತಿಗೆ ಮುಜುಗರ ಕಳೆದಿರುವುದರಿಂದ ಹಲವರು ನಿಜವನ್ನೇ ಹೇಳುತ್ತಾರೆ.