ಗಡಿಯಾರ ಬಂದು ಬಾಗಿಲಿಗೆ ಗುದ್ದುವುದಿಲ್ಲ

ನನ್ನ ಮೊದಲ ರೇಸಿನ ಮೊದಲ ಲ್ಯಾಪ್ ಮುಗಿಯುವ ಮುಂಚೆಯೇ ನನ್ನ ಕಾರು ಬಂದ ದಾರಿಯ ಕಡೆ ಮುಖ ಮಾಡಿ ನಿಂತಿತ್ತು. ಎಂಜಿನ್ ಆಫ್. ಎದುರಿಂದ ನಾಲ್ಕು ಕಾರು ಸೀದಾ ನನ್ನ ಕಡೆಗೇ ಬರುತ್ತಿದ್ದವು. ತರಬೇತಿಯಲ್ಲಿ ಹೇಳಿಕೊಟ್ಟದ್ದು ನೆನಪಾಯಿತು. ಕಾರು ಗಿರಕಿ ಹೊಡೆದರೆ ಕ್ಲಚ್ಚು, ಬ್ರೇಕು ಎರಡನ್ನೂ ಪೂರ್ತಿ ತುಳಿದು ಸುಮ್ನೆ ಕೂತುಬಿಡಿ. ನಿಂತ ಕಾರನ್ನು ಹಿಂದಿನವರು ಹೇಗೋ ತಪ್ಪಿಸುತ್ತಾರೆ, ಉರುಳುವ ಕಾರು ಎತ್ತ ಹೋಗುತ್ತೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ತುಳಿದು ಕೂತೆ. ಎಡಕ್ಕೆ ಎರಡು, ಬಲಕ್ಕೆ ಎರಡು ದಾಟಿಹೋದವು. ಆ ಗಾಳಿಗೆ ನನ್ನ ಕಾರು ಒಮ್ಮೆ ಅಲ್ಲಾಡಿತು.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ. ಎರಡು ಸಿಎನ್‌ಸಿ, ಮೂರು ಲೇತ್. ರೇಸಿಗೆ ಇಳಿದಾಗ ವಯಸ್ಸು 37. ಅದಕ್ಕೂ ಮುಂಚೆ ಐದಾರು ವರ್ಷ ಆಟೋಕ್ರಾಸ್ ಓಡಿಸಿದ್ದೆ. ಮಣ್ಣಿನ ಮೈದಾನ, ಸಾಲಾಗಿ ಇಟ್ಟ ಕೋನ್‌ಗಳು, ಒಂದು ಸಲಕ್ಕೆ ಒಂದೇ ಕಾರು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ್‍ಯಾಲಿಯೂ ಹಾಗೇ ಅಲ್ವಾ? ಒಬ್ಬರಾದ ಮೇಲೆ ಒಬ್ಬರನ್ನು ಬಿಡುತ್ತಾರೆ, ಕಡಿಮೆ ಟೈಮ್ ತೆಗೆದವರು ಗೆದ್ದರು. ಆಟೋಕ್ರಾಸ್‌ನಲ್ಲಿ ನನ್ನ ಕೈ ಪರವಾಗಿಲ್ಲ ಅನ್ನುವ ಹಾಗಿತ್ತು. ಶೋಕೇಸಿನಲ್ಲಿ ಮೂರು ಕಪ್ ಇವೆ. ಟ್ರ್ಯಾಕ್ ರೇಸ್ ಅಂದರೂ ಅದೇ ಕೆಲಸ, ಮಣ್ಣಿನ ಬದಲು ಡಾಂಬರು ಅಂದುಕೊಂಡಿದ್ದೆ. ಗಡಿಯಾರದ ಜೊತೆ ಪೈಪೋಟಿ ಮಾಡುವುದು ಒಂದು ಕಸುಬು, ಪಕ್ಕದಲ್ಲಿ ಇನ್ನೊಬ್ಬ ಇರುವಾಗ ಓಡಿಸುವುದು ಬೇರೆಯೇ ಕಸುಬು ಅಂತ ಗೊತ್ತಾಗಲು ಒಂದು ಸೀಸನ್ ಬೇಕಾಯಿತು. ಗಡಿಯಾರ ಬಂದು ಬಾಗಿಲಿಗೆ ಗುದ್ದುವುದಿಲ್ಲ.

ಬೆಂಗಳೂರಿನಲ್ಲಿ ಕಾರ್ಟಿಂಗ್ ಟ್ರ್ಯಾಕುಗಳಿವೆ. ಕಾರು ರೇಸು ಅಂದರೆ ನಮ್ಮಂಥವರು ಗಡಿ ದಾಟಬೇಕು. ಒಂದೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಇಲ್ಲವೇ ಕೊಯಮತ್ತೂರು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಮೊದಲು ಶೋಲಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ನಡೆಸುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟೈನಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿಕೊಂಡರು. ಉದ್ದ 3.717 ಕಿ.ಮೀ., 12 ತಿರುವು. ತಿರುವುಗಳಿಗೆ ಚೆಂದದ ಹೆಸರೇನೂ ಇಲ್ಲ, ಸಿ-1, ಸಿ-2 ಹೀಗೆ ನಂಬರ್ ಅಷ್ಟೇ. ಆ ಸೀಸನ್ನಿನಲ್ಲಿ ನಾನು ಅಲ್ಲಿ ಎರಡು ವಾರಾಂತ್ಯ, ಕೊಯಮತ್ತೂರಿನಲ್ಲಿ ಒಂದು ವಾರಾಂತ್ಯ ಓಡಿಸಿದೆ.

ಕಾರು ಮಾರುತಿ ಎಸ್ಟೀಮ್. ನಗಬೇಡಿ. ಒಂದು ಕಾಲದಲ್ಲಿ ಮದುವೆ ಹೆಣ್ಣು ಕೂತು ಬರುತ್ತಿದ್ದ ಕಾರು ನಿಜ. ಆದರೆ ಹಗುರ, 1.3 ಲೀಟರ್ ಎಂಜಿನ್ ಎಷ್ಟು ತಿರುಗಿಸಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಸಾಮಾನು ಅಗ್ಗ. ಒಳಗೆ ಕಾರು ಮಗುಚಿದರೆ ಕಾಪಾಡುವ ಪೈಪಿನ ಚೌಕಟ್ಟು (ರೋಲ್ ಕೇಜ್), ಒಂದೇ ಬಕೆಟ್ ಸೀಟು, ಆರು ಪಟ್ಟಿಯ ಬೆಲ್ಟು, ಬೆಂಕಿ ಆರಿಸುವ ಸಿಲಿಂಡರ್, ಹೊರಗಿನಿಂದಲೇ ಕರೆಂಟ್ ಕಡಿಯುವ ಸ್ವಿಚ್ಚು. ಕಾರ್ಪೆಟ್ಟು, ಏಸಿ, ಹಿಂದಿನ ಸೀಟು ಎಲ್ಲ ಮಾಯ. ಬೇರೆಯವರು ಓಡಿಸಿ ಬಿಟ್ಟದ್ದನ್ನೇ ಮೂರೂವರೆ ಲಕ್ಷಕ್ಕೆ ತಗೊಂಡೆ. ಹೊಸದಾಗಿ ಕಟ್ಟಿಸುವ ಹುಚ್ಚಿಗೆ ಹೋಗಬೇಡಿ. ಕಟ್ಟಿಸಿದರೆ ಮೊದಲ ವರ್ಷ ಪೂರ್ತಿ ಗ್ಯಾರೇಜಿನಲ್ಲೇ ಕಳೆಯುತ್ತೀರಿ.

ಲೈಸೆನ್ಸ್ ಬೇರೆ ಬೇಕು. ಆರ್‌ಟಿಓದ್ದಲ್ಲ, ದೇಶದ ಮೋಟಾರ್ ರೇಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧೆಯ ಲೈಸೆನ್ಸು. ಅದಕ್ಕೆ ತರಬೇತಿ ಶಾಲೆಯ ಸರ್ಟಿಫಿಕೇಟು, ಡಾಕ್ಟರ ಸರ್ಟಿಫಿಕೇಟು ಕೊಟ್ಟೆ. ಕಾರಿನ ಮೇಲೆ ಹೆಸರಿನ ಪಕ್ಕ ಬ್ಲಡ್ ಗ್ರೂಪ್ ಬರೆಸಿದೆ. ಅಮ್ಮ ಅದನ್ನು ನೋಡಿ ಎರಡು ದಿನ ಮಾತಾಡಲಿಲ್ಲ. ಹೆಲ್ಮೆಟ್ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಆಟೋಕ್ರಾಸಿಗೆ ಹಾಕುತ್ತಿದ್ದ ದುಬಾರಿ ಬೈಕ್ ಹೆಲ್ಮೆಟ್ಟೇ ಸಾಕು ಅಂದುಕೊಂಡು ತಗೊಂಡುಹೋದೆ. ತಪಾಸಣೆಯಲ್ಲಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಕಾರು ರೇಸಿನ ಹೆಲ್ಮೆಟ್ಟಿಗೆ ಬೆಂಕಿ ತಡೆಯುವ ಒಳಪದರ ಇರಬೇಕು, ಕುತ್ತಿಗೆ ಕಾಪಾಡುವ ಹ್ಯಾನ್ಸ್ ಸಿಕ್ಕಿಸಲು ಎರಡು ಕೊಂಡಿ ಇರಬೇಕು. ಆ ವಾರಾಂತ್ಯ ಬೇರೊಬ್ಬರಿಂದ ಎರವಲು ತಂದ ಹೆಲ್ಮೆಟ್ಟಿನಲ್ಲಿ ಕಳೆಯಿತು. ನನಗಿಂತ ದೊಡ್ಡ ತಲೆಯವರದ್ದೇನೂ ಅಲ್ಲ, ಆದರೆ ಅವರು ಹಚ್ಚುವ ತೈಲದ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಪ್ರಾಕ್ಟೀಸ್ ಚೆನ್ನಾಗೇ ಆಯಿತು. ಒಬ್ಬನೇ ಓಡಿಸುವಾಗ 14 ಕಾರಿನಲ್ಲಿ ಏಳನೇ ಟೈಮ್. ಮೀಸೆ ತಿರುವಿಕೊಂಡೆ. ರೇಸ್ ದಿನ ಐದು ಕೆಂಪು ದೀಪ ಹತ್ತಿ ಆರಿದವು. ನಾನು ಜಾಸ್ತಿ ಆಕ್ಸಿಲರೇಟರ್ ಕೊಟ್ಟು ಮುಂದಿನ ಚಕ್ರ ನಿಂತಲ್ಲೇ ತಿರುಗಿಸಿದೆ. ಹೊರಡುವಾಗ ಕಾರಿನ ಭಾರ ಹಿಂದಕ್ಕೆ ಹೋಗುತ್ತೆ, ಎಳೆಯುವ ಚಕ್ರಗಳು ಮುಂದಿವೆ. ಅಲ್ಲೇ ಮೂರು ಸ್ಥಾನ ಹೋಯಿತು. ಅದನ್ನು ವಾಪಸ್ ತಗೋಬೇಕು ಅನ್ನುವ ಆತುರದಲ್ಲಿ ಮುಂದಿನವನ ಬಾಲ ಹಿಡಿದು ತಿರುವಿಗೆ ನುಗ್ಗಿದೆ. ತಿರುವಿನ ಮಧ್ಯದಲ್ಲಿ ಅವನು ನಾನು ಅಂದುಕೊಂಡಿದ್ದಕ್ಕಿಂತ ನಿಧಾನ ಇದ್ದ. ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ಎತ್ತಿದೆ.

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಬ್ರೇಕು, ಸ್ಟೀರಿಂಗು, ಎಳೆತ ಮೂರೂ ಮುಂದಿನ ಟೈರಿನ ಪಾಲು. ಹಿಂದಿನ ಟೈರಿಗೆ ಕೆಲಸ ಕಡಿಮೆ, ಹಾಗಾಗಿ ಬಿಸಿಯಾಗಲು ಎರಡು ಮೂರು ಲ್ಯಾಪ್ ಬೇಕು. ತಿರುವಿನಲ್ಲಿ ಕಾಲು ಎತ್ತಿದರೆ ಭಾರ ಮುಂದಕ್ಕೆ ಬೀಳುತ್ತೆ, ತಣ್ಣಗಿರುವ ಹಿಂದಿನ ಟೈರು ನೆಲ ಬಿಟ್ಟುಕೊಡುತ್ತೆ. ಸಾಲದ್ದಕ್ಕೆ ಕಾರು ಚುರುಕಾಗಿ ತಿರುಗಲಿ ಅಂತ ನಾವೇ ಹಿಂದಿನ ಟೈರಿಗೆ ಗಾಳಿ ಜಾಸ್ತಿ ತುಂಬಿದ್ದೆವು. ಇದೆಲ್ಲ ನನಗೆ ಗೊತ್ತಿತ್ತು. ಮುಂದೊಬ್ಬ ಇದ್ದಾಗ ಮರೆತುಹೋಯಿತು, ಅಷ್ಟೇ. ಆಮೇಲಿನ ಕಥೆ ಮೊದಲೇ ಹೇಳಿದ್ದೇನೆ.

ಅದೇ ದಿನದ ಎರಡನೇ ರೇಸಿನಲ್ಲಿ ಬ್ರೇಕು ಕೈಕೊಟ್ಟಿತು. ನಾಲ್ಕನೇ ಲ್ಯಾಪಿನಲ್ಲಿ ಪೆಡಲ್ ನೆಲದವರೆಗೆ ಹೋಯಿತು, ಮೆತ್ತಗೆ, ಹಸಿ ಹಿಟ್ಟು ತುಳಿದ ಹಾಗೆ. ಮೂರು ಸಲ ಪಂಪ್ ಮಾಡಿದ ಮೇಲೆ ಅರ್ಧ ಬ್ರೇಕು ಬಂತು. ಹೇಗೋ ಪಿಟ್ಟಿಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ತಂದೆ. ತಪ್ಪು ನನ್ನದೇ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಸೇರಿ ಹಳೆಯದಾದರೆ 155ರ ಹತ್ತಿರವೇ ಕುದಿಯಬಹುದು. ಕುದ್ದರೆ ಪೈಪಿನೊಳಗೆ ಆವಿ. ಆವಿಯನ್ನು ಎಷ್ಟು ಒತ್ತಿದರೂ ಪ್ಯಾಡು ಡಿಸ್ಕಿಗೆ ಕಚ್ಚುವುದಿಲ್ಲ. ಇನ್ನೊಬ್ಬರ ಹಿಂದೆ ಅಂಟಿಕೊಂಡೇ ಓಡಿಸಿದರೆ ತಣ್ಣನೆ ಗಾಳಿಯೂ ಸಿಗುವುದಿಲ್ಲ, ಅವರ ಬಿಸಿಯೆಲ್ಲ ನಮಗೆ. ಒಬ್ಬನೇ ಪ್ರಾಕ್ಟೀಸ್ ಮಾಡುವಾಗ ಸರಿಯಾಗಿದ್ದ ಬ್ರೇಕು ರೇಸಿನಲ್ಲಿ ಹೋಗುವುದು ಹೀಗೆ. ಆವತ್ತಿಂದ ಪ್ರತಿ ವಾರಾಂತ್ಯಕ್ಕೂ ಹೊಸ ಆಯಿಲ್ಲು, ಪ್ರತಿ ಓಟದ ಮೇಲೆ ಬ್ಲೀಡಿಂಗು, ಅಂದರೆ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ಹೊರಹಾಕುವುದು. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮನೆಗೆ ಬಂದು ಕಾರಿನೊಳಗಿನ ವಿಡಿಯೋ ಹಾಕಿ ನೋಡುತ್ತಿದ್ದೆ. ಹೆಂಡತಿ ಬಟ್ಟೆ ಮಡಚುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ರೀ, ನಿಮ್ಮ ತಲೆ ಯಾಕೆ ಪದೇ ಪದೇ ಬಲಗಡೆ ವಾಲ್ತಿದೆ?"

ನಾನು ಗಮನಿಸಿರಲೇ ಇಲ್ಲ. ಹಿಂದಕ್ಕೆ ತಿರುಗಿಸಿ ನೋಡಿದೆ. ಬಲಗಡೆ ಬಾಗಿಲಿನ ಕನ್ನಡಿ ನೋಡುತ್ತಿದ್ದೆ. ಸ್ಟ್ರೇಟ್‌ನಲ್ಲಿ, ಅಂದರೆ ತಿರುವಿಲ್ಲದ ನೇರ ದಾರಿಯಲ್ಲಿ ನೋಡಿದರೆ ಸರಿ, ನೋಡಲೇಬೇಕು. ನಾನು ಬ್ರೇಕ್ ಹಿಡಿಯುವಾಗಲೂ ನೋಡುತ್ತಿದ್ದೆ, ತಿರುವಿನ ಒಳಗೂ ನೋಡುತ್ತಿದ್ದೆ. ಒಂದು ಲ್ಯಾಪಿನಲ್ಲಿ ಎಣಿಸಿದೆ, 19 ಸಲ. ಕಣ್ಣು ಕನ್ನಡಿಯಲ್ಲಿದ್ದರೆ ಕಾರು ತಿರುವಿಗೆ ತಡವಾಗಿ ಬೀಳುತ್ತೆ, ತಡವಾಗಿ ಬಿದ್ದರೆ ಹೊರಬರುವಾಗ ವೇಗ ಇರುವುದಿಲ್ಲ, ವೇಗ ಇಲ್ಲದಿದ್ದರೆ ಹಿಂದಿನವನು ದಾಟುತ್ತಾನೆ. ಅವನು ದಾಟಿಬಿಡುತ್ತಾನೆ ಅಂತ ನೋಡಿ ನೋಡಿಯೇ ನಾನು ಅವನನ್ನು ದಾಟಿಸಿದ್ದೆ! ತರಬೇತಿಯಲ್ಲಿ ಯಾರೂ ಹೇಳದ್ದನ್ನು ಬಟ್ಟೆ ಮಡಚುತ್ತಿದ್ದವಳು ಹೇಳಿದಳು. ಅವಳು ಸ್ಕೂಟರ್ ಬಿಟ್ಟು ಬೇರೇನೂ ಓಡಿಸುವುದಿಲ್ಲ.

ಎರಡನೇ ವಾರಾಂತ್ಯ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ 800ರ ಎಂಜಿನ್ ಇಟ್ಟು ಕಡಿಮೆ ಖರ್ಚಿನ ಫಾರ್ಮುಲಾ ಮಾರುತಿ ಕಾರು ಮಾಡಿದ ಕರಿವರ್ಧನ್ ಅವರ ಹೆಸರಿನ ಟ್ರ್ಯಾಕು. ಉದ್ದ 2.1 ಕಿ.ಮೀ. ಅಷ್ಟೇ. ತಿರುವು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ತಿರುವು, ದಾಟಲು ಜಾಗ ಕಡಿಮೆ, ತಾಳ್ಮೆ ಬೇಕು. ನನಗೆ ಇರಲಿಲ್ಲ. ಮೂರನೇ ಲ್ಯಾಪಿನಲ್ಲಿ ನೀಲಿ ಕಾರೊಂದರ ಒಳಗಡೆ ಮೂಗು ತೂರಿಸಿದೆ. ಅವರು ತಮ್ಮ ಪಾಡಿಗೆ ತಿರುಗಿದರು. ನನ್ನ ಮುಂದಿನ ಮೂಲೆ ಅವರ ಹಿಂದಿನ ಬಾಗಿಲಿಗೆ ಬಡಿಯಿತು. ಡಬ್ಬ ಜಜ್ಜಿದ ಹಾಗೆ ಸದ್ದು. ಅವರು ಮಣ್ಣಿಗೆ ಇಳಿದರು, ನಾನು ಮುಂದೆ ಹೋದೆ. ಮುಂದೆ ಹೋದದ್ದು ಅವಮಾನ ಅಂತ ಅನಿಸಿದ್ದು ಮೊದಲ ಸಲ.

ರೇಸಿನ ತೀರ್ಪು ಕೊಡುವ ಸ್ಟೂವರ್ಡ್‌ಗಳ ಕೋಣೆಯಲ್ಲಿ ವಿಡಿಯೋ ಹಾಕಿದರು. ವಾದ ಮಾಡಲು ಏನೂ ಉಳಿದಿರಲಿಲ್ಲ. ಮುಂದಿನ ರೇಸಿಗೆ ಹೊರಡುವ ಸಾಲಿನಲ್ಲಿ (ಗ್ರಿಡ್) ಐದು ಸ್ಥಾನ ಹಿಂದಕ್ಕೆ ಹಾಕಿದರು. ಹೊರಗೆ ಬಂದು ನೀಲಿ ಕಾರಿನವರ ಹತ್ತಿರ ಹೋದೆ. ಐವತ್ತು ದಾಟಿದವರು, ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರ. "ಸಾರಿ ಸಾರ್, ತಪ್ಪು ನನ್ನದು" ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಚಪ್ಪಲಿ ಬಿಚ್ಚಿ ಪಿಟ್ಟಿನ ನೆಲದ ಮೇಲೆ ಒಂದರ ಹಿಂದೆ ಒಂದು ಇಟ್ಟರು. ಹಿಂದಿನ ಚಪ್ಪಲಿಯ ಮುಂತುದಿ ಮುಂದಿನ ಚಪ್ಪಲಿಯ ಹಿಮ್ಮಡಿಗೆ ತಾಗುವಷ್ಟು. "ನೀವು ಇಲ್ಲಿದ್ರಿ ಸಾರ್" ಅಂದರು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ. "ಇಲ್ಲಿದ್ದರೆ ನನಗೆ ನೀವು ಕಾಣೋದಿಲ್ಲ." ಆಮೇಲೆ ಹಿಂದಿನ ಚಪ್ಪಲಿಯನ್ನು ಮುಂದಕ್ಕೆ ತಳ್ಳಿ ಮುಂದಿನದರ ಅರ್ಧದವರೆಗೆ ತಂದರು. "ತಿರುಗೋ ಮುಂಚೆ ಇಲ್ಲಿಗೆ ಬನ್ನಿ. ನಾನೇ ಜಾಗ ಕೊಡ್ತೀನಿ, ಕೊಡಲೇಬೇಕು." ಒಂದು ಚಪ್ಪಲಿಯ ಅಗಲ ಬಿಟ್ಟು ಎರಡನ್ನೂ ಜೊತೆಯಾಗಿ ತಿರುವು ದಾಟಿಸಿ ತೋರಿಸಿದರು.

ನಿಯಮದ ಪುಸ್ತಕದಲ್ಲೂ ಇರುವುದು ಹೆಚ್ಚುಕಡಿಮೆ ಇದೇ. ಸ್ಥಾನ ಕಾಪಾಡಿಕೊಳ್ಳಲು ಒಂದು ಸಲ ಮಾತ್ರ ಅಡ್ಡ ಸರಿಯಬಹುದು. ಮತ್ತೆ ತನ್ನ ಗೆರೆಗೆ ವಾಪಸ್ ಬರುವಾಗ ಅಂಚಿನಲ್ಲಿ ಒಂದು ಕಾರಿನ ಅಗಲ ಬಿಡಬೇಕು. ನಾನು ಅದನ್ನು ಓದಿದ್ದೆ. ಚಪ್ಪಲಿಯಲ್ಲಿ ನೋಡಿದ ಮೇಲೆ ತಲೆಗೆ ಹೋಯಿತು.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಕಾರು ಬಿಟ್ಟು ಆ ಸೀಸನ್ನಿಗೆ ನನಗೆ ಆರು ಲಕ್ಷದ ಮೇಲೆ ಆಯಿತು. ಟೈರು, ಎಂಟ್ರಿ ಫೀಸು, ಬಟ್ಟೆಬರೆ, ಲಾರಿ ಬಾಡಿಗೆ, ಮೆಕ್ಯಾನಿಕ್, ಊಟ, ರೂಮು. ಬಹುಮಾನದಿಂದ ಬಂದದ್ದು ಸೊನ್ನೆ. ಲೇತ್ ಕೆಲಸ ನನ್ನದೇ ಆದ್ದರಿಂದ ಬುಷ್ಷು, ಸ್ಪೇಸರ್ರು ಪುಕ್ಕಟೆ.

ಮೂರನೇ ವಾರಾಂತ್ಯ ಮತ್ತೆ ಇರುಂಗಾಟ್ಟುಕೋಟೈ. ಕಾರಿನೊಳಗೆ ಕೂತರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಬೆಂಕಿ ತಡೆಯುವ ಸೂಟು ಬೆವರನ್ನೂ ತಡೆಯುತ್ತೆ. ಬೆಳಿಗ್ಗೆಯಿಂದಲೇ ಓಆರ್‌ಎಸ್ ಕುಡಿಯುತ್ತಾ ಇದ್ದೆ, ಬಾಯಾರಿದ ಮೇಲೆ ಕುಡಿದರೆ ತಡವಾಗಿರುತ್ತೆ. ಈ ಸಲ ದೀಪ ಆರಿದಾಗ ಆಕ್ಸಿಲರೇಟರ್ ಮೆಲ್ಲಗೆ ಕೊಟ್ಟೆ, ಯಾರಿಗೂ ಸ್ಥಾನ ಬಿಡಲಿಲ್ಲ. ಮೊದಲ ಎರಡು ಲ್ಯಾಪ್ ಹಿಂದಿನ ಟೈರಿಗೆ ಬಿಟ್ಟುಕೊಟ್ಟೆ. ತಿರುವಿನಲ್ಲಿ ಕಾಲು ಎತ್ತುವ ಪ್ರಮೇಯ ಬರದ ಹಾಗೆ ಮುಂದಿನವನಿಂದ ಒಂದು ಕಾರಿನಷ್ಟು ದೂರ ಇಟ್ಟುಕೊಂಡೆ.

ಐದನೇ ಲ್ಯಾಪಿನಲ್ಲಿ ನೀಲಿ ಕಾರು ಎದುರಾಯಿತು. ಮುಖ್ಯ ಸ್ಟ್ರೇಟ್‌ನಲ್ಲಿ ಅವರ ಬೆನ್ನಿಗೆ ಅಂಟಿಕೊಂಡೆ. ಮುಂದಿನ ಕಾರು ಗಾಳಿ ಸೀಳಿಕೊಟ್ಟರೆ ನಮ್ಮದು ಹಗುರಾಗಿ ಓಡುತ್ತೆ, ಎಂಜಿನ್ನಿನ ಸದ್ದೇ ಬದಲಾಗುತ್ತೆ. ಹೊರಗೆ ತೆಗೆದೆ. ಸಿ-1 ದಾಟುವಾಗ ಇಬ್ಬರೂ ಸಮ ಸಮ. ನಾನು ಎಡಕ್ಕೆ, ಅವರು ಬಲಕ್ಕೆ. ಕಿಟಕಿಯಲ್ಲಿ ಅವರ ಹೆಲ್ಮೆಟ್ ಕಾಣುತ್ತಿತ್ತು, ಹಳದಿ ಪಟ್ಟಿ. ಆಚೀಚೆ ನೋಡದೆ ಮುಂದೆ ನೋಡುತ್ತಿದ್ದರು. ನಾನೂ ಮುಂದೆ ನೋಡಿದೆ. ಪಕ್ಕದಲ್ಲಿ ಒಂದು ಚಪ್ಪಲಿಯ ಅಗಲ ಬಿಟ್ಟಿದ್ದಾರೆ ಅಂತ ನೋಡದೆಯೇ ಗೊತ್ತಿತ್ತು. ಅವರಿಗೂ ಗೊತ್ತಿತ್ತು ಅನಿಸುತ್ತೆ. ಹಾಗೇ ಒಂದು ತಿರುವು, ಇನ್ನೊಂದು ತಿರುವು, ಆಮೇಲೆ ಮೂರನೆಯದು. ಹೊರಬರುವಾಗ ಇಬ್ಬರಿಗೂ ರಸ್ತೆ ಸ್ವಲ್ಪ ಸಾಲದಾಯಿತು, ಟಪ್ ಅಂತ ಸದ್ದು. ನನ್ನ ಬಲಗಡೆ ಕನ್ನಡಿ ಹಾರಿಹೋಯಿತು. ಉಳಿದ ಲ್ಯಾಪುಗಳಲ್ಲಿ ಅವರು ಎಲ್ಲಿದ್ದಾರೆ ಅಂತ ನೋಡಲು ಆಗಲೇ ಇಲ್ಲ. ಚೆಕ್ಕರ್ ಬಾವುಟ ಬಿದ್ದಾಗ ನಾನು ಆರು, ಅವರು ಏಳು.

ರಾತ್ರಿ ವಾಪಸ್ ಬರುತ್ತಾ ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲಿಸಿದೆ. ಮನೆಯಿಂದ ಫೋನ್ ಬಂತು.

"ಎಷ್ಟನೇದು?"

"ಆರು."

"ಎಷ್ಟು ಜನದಲ್ಲಿ?"

"ಹದಿನಾಲ್ಕು."

"ಕಾರು ಹೇಗಿದೆ?"

"ಬಲಗಡೆ ಕನ್ನಡಿ ಹೋಯ್ತು ಅಷ್ಟೇ."

"ಒಳ್ಳೇದಾಯ್ತು ಬಿಡಿ" ಅಂದಳು. "ಮತ್ತೆ ಹಾಕಿಸಬೇಡಿ."